ತಳೆ (ಮರ ಹತ್ತುವ ಸಾಧನ)

ತಳೆ ಎಂಬುದು ಅಡಿಕೆ, ತೆಂಗು ಮೊದಲಾದ ಕೊಂಬೆಗಳಿಲ್ಲದ ಮರಗಳನ್ನು ಏರುವಾಗ ಎರಡೂ ಪಾದಗಳಿಗೆ ಸೇರಿಸಿ ಹಾಕಿಕೊಳ್ಳುವ ಬಳೆಯಾಕಾರದ ಹಗ್ಗ. ಕರ್ನಾಟಕದ ಕರಾವಳಿ ಹಾಗೂ ಮಲೆನಾಡಿನಲ್ಲಿ ಇದು ಬಹುಕಾಲದಿಂದ ಬಳಕೆಯಲ್ಲಿದೆ. ಏರುವಾಗ ಪಾದಗಳು ಅಗಲಿ ಜಾರದಂತೆ ತಡೆಯುವುದು ಇದರ ಮುಖ್ಯ ಕೆಲಸ. ಇದೇ ಉದ್ದೇಶಕ್ಕಾಗಿ ಮುಂದೆ ಉಕ್ಕಿನ ಹಗ್ಗದ ಕುಣಿಕೆಯಿರುವ ಮರ ಹತ್ತುವ ಯಂತ್ರಗಳು ಬಂದವು.

ಹಿನ್ನೆಲೆ

ಉಡುಪಿ ಜಿಲ್ಲೆಯಲ್ಲಿ ಕಾಪುವಿನಂತಹ ಸಮುದ್ರತೀರದ ಪ್ರದೇಶಗಳಲ್ಲಿ ತೆಂಗು, ಪಶ್ಚಿಮ ಘಟ್ಟದ ತಪ್ಪಲಿನ ಕಾರ್ಕಳ, ಹೆಬ್ರಿ ಭಾಗಗಳಲ್ಲಿ ಅಡಿಕೆ ಪ್ರಮುಖ ಬೆಳೆಗಳಾಗಿವೆ. ಎರಡೂ ಮರಗಳ ಫಲ ತುದಿಯಲ್ಲಿ ಮಾತ್ರ ಇರುತ್ತದೆ. ತೆಂಗಿನ ಮರ 20 ಮೀಟರಿಗಿಂತಲೂ ಎತ್ತರಕ್ಕೆ ಬೆಳೆಯಬಲ್ಲದು. ಅಡಿಕೆ ಮರ ತೆಳ್ಳಗಿದ್ದರೂ 15 ಮೀಟರಿಗಿಂತ ಎತ್ತರವಾಗುತ್ತದೆ.

ಅಡಿಕೆ ಬೆಳೆಗಾರರು ಕೊಯ್ಲಿಗೆ ಮಾತ್ರವಲ್ಲದೆ ಔಷಧ ಸಿಂಪಡಣೆಗೂ ಮರ ಹತ್ತಿಸಬೇಕಾಗುತ್ತದೆ. ಮಳೆಗಾಲದಲ್ಲಿ ಬರುವ ಕೊಳೆರೋಗವನ್ನು ತಡೆಯಲು ಗೊನೆಗಳಿಗೆ ಶೇ. 1ರ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣವನ್ನು 100 ಲೀಟರ್ ನೀರಿಗೆ ಬಳಸಿ ಈ ದ್ರಾವಣವನ್ನು ತಯಾರಿಸಲಾಗುತ್ತದೆ. ಮೊದಲ ಸಿಂಪಡಣೆ ಮುಂಗಾರಿನ ಆರಂಭಕ್ಕೆ ಮುನ್ನ, ಎರಡನೆಯದು ಸುಮಾರು 40ರಿಂದ 45 ದಿನಗಳ ಬಳಿಕ ನಡೆಯುತ್ತದೆ. ವರ್ಷಕ್ಕೆ ಸರಾಸರಿ ಸುಮಾರು 4,000 ಮಿ.ಮೀ. ಮಳೆ ಬೀಳುವ ಈ ಜಿಲ್ಲೆಯಲ್ಲಿ ಆ ಹೊತ್ತಿಗೆ ಕಾಂಡಗಳು ನೆನೆದು ಪಾಚಿಗಟ್ಟಿರುತ್ತವೆ. ಹೀಗಾಗಿ ಮರ ಅತಿ ಹೆಚ್ಚು ಜಾರುವ ಕಾಲದಲ್ಲಿಯೇ ಅದನ್ನು ಏರುವುದು ಅನಿವಾರ್ಯವಾಗುತ್ತದೆ.

ರಚನೆ ಮತ್ತು ಬಳಕೆ

ತಳೆಯನ್ನು ತೆಂಗಿನ ನಾರಿನ ಹುರಿ, ಗೋಣಿ ಅಥವಾ ಇತರ ಗಟ್ಟಿ ಹಗ್ಗದಿಂದ ಮಾಡುತ್ತಾರೆ. ಏರುವವರು ಅದರೊಳಗೆ ಎರಡೂ ಪಾದಗಳನ್ನು ತೂರಿಸಿ, ಅಂಗಾಲುಗಳನ್ನು ಕಾಂಡದ ಇಕ್ಕೆಲಗಳಿಗೆ ಒತ್ತಿ ನಿಲ್ಲುತ್ತಾರೆ. ಪಾದಗಳು ಅಗಲಿ ಜಾರದಂತೆ ತಳೆ ತಡೆಯುತ್ತದೆ. ಮೈಭಾರ ಬಿದ್ದಷ್ಟೂ ಅಂಗಾಲುಗಳು ಕಾಂಡವನ್ನು ಬಿಗಿಯಾಗಿ ಅದುಮುತ್ತವೆ. ಕೈಗಳಿಂದ ಕಾಂಡವನ್ನು ಹಿಡಿದು, ಮೊಣಕಾಲು ಮಡಚಿ ಎರಡೂ ಪಾದಗಳನ್ನು ಒಟ್ಟಿಗೆ ಮೇಲೆಳೆದುಕೊಂಡು, ಕಾಲು ಊರಿ ಎದ್ದು, ಕೈಗಳನ್ನು ಇನ್ನಷ್ಟು ಮೇಲಕ್ಕೆ ಒಯ್ಯುವುದು ಏರುವ ಕ್ರಮ.

ಕಾಂಡವು ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋದಂತೆ ಏರುವವರು ಪಾದದ ಕೋನವನ್ನು ಬದಲಿಸಿ ಹಿಡಿತವನ್ನು ಸರಿಪಡಿಸಿಕೊಳ್ಳುತ್ತಾರೆ. ಅಂದರೆ ಹೊಂದಾಣಿಕೆಯ ಹೊಣೆ ಸಾಧನದ ಮೇಲಲ್ಲ, ಏರುವವರ ದೇಹದ ಮೇಲಿರುತ್ತದೆ. ಈ ಕೌಶಲ ಒಲಿಯಲು ಸಾಕಷ್ಟು ಅಭ್ಯಾಸ ಬೇಕಾಗಲು ಇದೇ ಕಾರಣ.

ಹೊಂದಾಣಿಕೆಯ ಯಂತ್ರಗಳು

ಮರ ಹತ್ತುವ ಯಂತ್ರಗಳಲ್ಲಿ ಹೆಚ್ಚು ಪ್ರಚಲಿತವಾದುದು ಚೆಂಬೇರಿ ಮಾದರಿ. ಇದನ್ನು ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಅವರು ರೂಪಿಸಿದರು. ಇದರಲ್ಲಿ ಎಡಗಾಲಿಗೆ ಒಂದು, ಬಲಗಾಲಿಗೆ ಒಂದು ಎಂಬಂತೆ ಎರಡು ಲೋಹದ ಚೌಕಟ್ಟುಗಳಿವೆ. ಪ್ರತಿ ಚೌಕಟ್ಟಿನಲ್ಲಿ ಪಾದವಿಡುವ ಮೆಟ್ಟು, ಕೈಹಿಡಿ ಮತ್ತು ಕಾಂಡವನ್ನು ಸುತ್ತುವ ಉಕ್ಕಿನ ಹಗ್ಗದ ಕುಣಿಕೆ ಇರುತ್ತವೆ. ಮೆಟ್ಟಿನ ಮೇಲೆ ಭಾರ ಬಿದ್ದಾಗ ಕುಣಿಕೆ ಬಿಗಿಯುತ್ತದೆ. ಕಾಲೆತ್ತಿದಾಗ ಅದು ಸಡಿಲಗೊಂಡು ಚೌಕಟ್ಟನ್ನು ಮೇಲಕ್ಕೆ ಸರಿಸಬಹುದು. ಏರುವ ಮುನ್ನ ಕುಣಿಕೆಯ ಉದ್ದವನ್ನು ಮರದ ದಪ್ಪಕ್ಕೆ ಹೊಂದಿಸಿಕೊಳ್ಳಬೇಕು. ಕುಳಿತು ಏರುವ ಮಾದರಿಗಳೂ ಇವೆ. ಅವುಗಳಲ್ಲಿ ಮೇಲಿನ ಚೌಕಟ್ಟು ಆಸನವಾಗಿಯೂ ಕೆಳಗಿನದು ಪಾದಗಳ ಆಧಾರವಾಗಿಯೂ ಇರುತ್ತದೆ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ತರಬೇತಿ ಕಾರ್ಯಕ್ರಮದ ಮೂಲಕ ಈ ಯಂತ್ರಗಳ ಬಳಕೆ ವ್ಯಾಪಕವಾಯಿತು. ಪರಂಪರೆಯಿಂದ ಮರ ಹತ್ತದ ಯುವಕರು ಹಾಗೂ ಮಹಿಳೆಯರು ಸಹ ಇದರಿಂದ ಈ ವೃತ್ತಿಗೆ ಬರಲು ಸಾಧ್ಯವಾಯಿತು.

ಹಿಡಿತದ ತತ್ತ್ವ

ಯಂತ್ರದ ಕುಣಿಕೆಯು ಕಾಂಡದ ಆಚೆ ಬದಿಯನ್ನು ಮೇಲ್ಭಾಗದಲ್ಲಿಯೂ, ಚೌಕಟ್ಟಿನ ಒತ್ತುಪಟ್ಟಿಯು ಈಚೆ ಬದಿಯನ್ನು ಕೆಳಭಾಗದಲ್ಲಿಯೂ ಒತ್ತುತ್ತದೆ. ಸರಳೀಕರಿಸಿ ನೋಡಿದರೆ ಹಿಡಿತವು ಮೂರು ಅಂಶಗಳನ್ನು ಅವಲಂಬಿಸಿದೆ: ಕಾಂಡದಿಂದ ಪಾದಕ್ಕಿರುವ ಅಂತರ, ಎರಡು ಒತ್ತುಬಿಂದುಗಳ ನಡುವಿನ ಎತ್ತರ ಮತ್ತು ಘರ್ಷಣಾ ಗುಣಾಂಕ. ಘರ್ಷಣಾ ಗುಣಾಂಕ 0.5 ಇದ್ದರೆ ಪಾದದ ಅಂತರವು ಒತ್ತುಬಿಂದುಗಳ ನಡುವಿನ ಎತ್ತರಕ್ಕೆ ಕನಿಷ್ಠ ಸಮನಾಗಿರಬೇಕು. ಗುಣಾಂಕ 0.3ಕ್ಕೆ ಇಳಿದರೆ ಆ ಅಂತರ ಎತ್ತರದ ಸುಮಾರು 1.7 ಪಟ್ಟು ಇರಬೇಕಾಗುತ್ತದೆ. ಏರುವವರ ತೂಕ ಹೆಚ್ಚಿದರೆ ಭಾರದೊಡನೆ ಹಿಡಿತವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ, ಈ ಲೆಕ್ಕದಲ್ಲಿ ತೂಕಕ್ಕೆ ಪಾತ್ರವಿಲ್ಲ. ಆದರೆ ತೂಕವು ಯಂತ್ರದ ಭಾಗಗಳ ಬಲದ ಮಿತಿಯೊಳಗಿರಬೇಕು.

ಮೇಲೇರಿದಂತೆ ಕಾಂಡ ಸಣ್ಣದಾಗಿ ಕುಣಿಕೆ ಸಡಿಲವಾಗುತ್ತದೆ. ಆಗ ಚೌಕಟ್ಟು ಹೊರಕ್ಕೆ ವಾಲಿ, ಒತ್ತುಬಿಂದುಗಳ ನಡುವಿನ ಎತ್ತರ ಹೆಚ್ಚಿ, ಹಿಡಿತ ಕುಗ್ಗುತ್ತದೆ. ಮೆಟ್ಟು ಸಹ ಇಳಿಜಾರಾಗಿ ಪಾದ ಜಾರಬಹುದು. ಆದುದರಿಂದ ಕುಣಿಕೆಯ ಉದ್ದವನ್ನು ಬುಡದ ದಪ್ಪವನ್ನಷ್ಟೇ ನೋಡಿ ನಿರ್ಧರಿಸುವುದು ಸರಿಯಲ್ಲ.

ಭಾರ ಬಿದ್ದಾಗ ಬಿಗಿಯುವ, ಭಾರ ತೆಗೆದಾಗ ಸರಿಯುವ ಈ ಗುಣ ಪರ್ವತಾರೋಹಿಗಳು ಬಳಸುವ ಪ್ರೂಸಿಕ್ ಗಂಟಿನಲ್ಲಿಯೂ ಕಂಡುಬರುತ್ತದೆ. ಮಂಜುಗೊಡಲಿಯ ಹಿಡಿಗೆ ಜೋಡಿಸುವ, ಮೇಲೆ ಕೆಳಗೆ ಸರಿಸಬಹುದಾದ ಕೈಯಾಧಾರದ ಉದ್ದೇಶವೂ ಭಾರ ಬಿದ್ದಾಗ ಕೈ ಜಾರದಂತೆ ತಡೆಯುವುದೇ ಆಗಿದೆ.

ಅಡಿಕೆ ತೋಟದಲ್ಲಿನ ಮಿತಿಗಳು

ನುರಿತ ಕೊಯ್ಲುಗಾರರು ಒಂದು ಅಡಿಕೆ ಮರದ ತುದಿಯಿಂದ ಪಕ್ಕದ ಮರವನ್ನು ಹಿಡಿದೆಳೆದು, ಕೆಳಗಿಳಿಯದೆ ಅದಕ್ಕೆ ದಾಟುತ್ತಾರೆ. ಕಾಂಡಕ್ಕೆ ಸುತ್ತಿದ ಕುಣಿಕೆಯ ಯಂತ್ರದಿಂದ ಇದು ಸಾಧ್ಯವಿಲ್ಲ. ಪ್ರತಿ ಮರಕ್ಕೂ ಇಳಿದು, ಯಂತ್ರವನ್ನು ಬಿಚ್ಚಿ, ಮತ್ತೆ ಕಟ್ಟಬೇಕು. ನೂರಾರು ಮರಗಳ ತೋಟದಲ್ಲಿ ಈ ವ್ಯತ್ಯಾಸ ದೊಡ್ಡದು. ತೆಂಗಿನಲ್ಲಿ ಯಂತ್ರವು ನೆಲೆಯೂರಿದರೂ ಅಡಿಕೆಯಲ್ಲಿ ತಳೆಯ ಬಳಕೆ ಉಳಿದುಕೊಂಡಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಹೀಗೆ ದಾಟುವಾಗ ಒಣಗಿದ ಅಥವಾ ಒಳಗೆ ಕೊಳೆತ ಮರ ಮುರಿಯುವ ಅಪಾಯವಿರುತ್ತದೆ.

ಸುರಕ್ಷತೆ

ಎತ್ತರದಿಂದ ಬಿದ್ದವರಲ್ಲಿ ಬೆನ್ನುಮೂಳೆ, ಸೊಂಟದ ಮೂಳೆ ಮತ್ತು ಹಿಮ್ಮಡಿಯ ಮೂಳೆ ಮುರಿತಗಳು ಸಾಮಾನ್ಯ. ಬೆನ್ನುಹುರಿಗೆ ಪೆಟ್ಟಾದರೆ ಶಾಶ್ವತ ಅಂಗವೈಕಲ್ಯ ಉಂಟಾಗಬಹುದು. ತಳೆಯಾಗಲಿ ಮೂಲ ಚೆಂಬೇರಿ ಯಂತ್ರವಾಗಲಿ ಕೈತಪ್ಪಿದಾಗ ಬೀಳುವುದನ್ನು ತಾನಾಗಿ ತಡೆಯುವುದಿಲ್ಲ. ಆದುದರಿಂದ ಕಾಂಡಕ್ಕೆ ಪ್ರತ್ಯೇಕವಾಗಿ ಸುತ್ತಿದ ಸುರಕ್ಷತಾ ಪಟ್ಟಿಯನ್ನು ಸೊಂಟದ ಪಟ್ಟಿಗೆ ಜೋಡಿಸಿ ಬಳಸುವುದು ಅಗತ್ಯ. ಏರುವ ಮುನ್ನ ಉಕ್ಕಿನ ಹಗ್ಗದ ಎಳೆಗಳು ಕಡಿದಿವೆಯೇ, ಒತ್ತುಪಟ್ಟಿಯ ರಬ್ಬರ್ ಸವೆದಿದೆಯೇ, ಕಾಂಡದಲ್ಲಿ ಬಿರುಕು ಅಥವಾ ಕೊಳೆತ ಭಾಗವಿದೆಯೇ ಎಂದು ಪರಿಶೀಲಿಸಬೇಕು.

ಪರ್ಯಾಯಗಳು

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ ಅವರು ರೂಪಿಸಿದ, ಎಂಜಿನ್ ಚಾಲಿತ ಮರ ಏರುವ ವಾಹನವು 2019ರಲ್ಲಿ ದೇಶದ ಗಮನ ಸೆಳೆಯಿತು. ಇದರಲ್ಲಿ ಚಾಲಕ ಆಸನದಲ್ಲಿ ಕುಳಿತಿರುವಂತೆಯೇ ಚಕ್ರಗಳು ಕಾಂಡವನ್ನು ಅದುಮಿ ಹಿಡಿದು ಮೇಲೇರುತ್ತವೆ. ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಹಗುರ ದೋಟಿಗಳು ಅಡಿಕೆ ತೋಟಗಳಿಗೆ ಬಂದಿವೆ. ಒಂದರೊಳಗೊಂದು ಸೇರುವ ಕೊಳವೆಗಳನ್ನು ಬೇಕಾದ ಎತ್ತರಕ್ಕೆ ಎಳೆದು ಬಿಗಿಗೊಳಿಸಿ, ನೆಲದಲ್ಲಿಯೇ ನಿಂತು ಕೊಯ್ಲು ಹಾಗೂ ಸಿಂಪಡಣೆ ಮಾಡಬಹುದು. ಬೀಳುವ ಅಪಾಯವನ್ನು ಇದು ಸಂಪೂರ್ಣವಾಗಿ ನಿವಾರಿಸುತ್ತದೆ. ಆದರೆ ಉದ್ದದ ದೋಟಿಯನ್ನು ನಿಯಂತ್ರಿಸಲು ಪ್ರತ್ಯೇಕ ಅಭ್ಯಾಸ ಬೇಕು ಮತ್ತು ಕಾರ್ಬನ್ ಫೈಬರ್ ವಿದ್ಯುದ್ವಾಹಕವಾದ ಕಾರಣ ವಿದ್ಯುತ್ ತಂತಿಗಳ ಸಮೀಪ ಅದನ್ನು ಬಳಸಬಾರದು.