ಹಲ್ಲಿನ ಬೆಲ್ಟಿನ ಕಥೆ

ಹೊಲಿಗೆಯಂತ್ರ ತುಳಿದು ಅಭ್ಯಾಸವಿರುವ ಹೆಂಗಸರಿಗೆ ಕಾರಿನ ಎಂಜಿನ್ನಿನ ಒಂದು ದೊಡ್ಡ ಗುಟ್ಟು ಆಗಲೇ ತಿಳಿದಿರುತ್ತದೆ. ಸೂಜಿ ಬಟ್ಟೆಯೊಳಗಿಳಿದು ಮೇಲೇಳುವ ಕ್ಷಣಕ್ಕೆ ಸರಿಯಾಗಿ ಕೆಳಗಿನ ಶಟಲ್ಲಿನ ಕೊಕ್ಕೆ ಬಂದು ನೂಲು ಹಿಡಿಯಬೇಕು. ತುಸು ಹಿಂದು ಮುಂದಾದರೆ ಹೊಲಿಗೆ ತಪ್ಪುತ್ತದೆ. ಇನ್ನೂ ಕೆಟ್ಟರೆ ಸೂಜಿ ಕೊಕ್ಕೆಗೆ ಬಡಿದು ಲಟಕ್ಕೆಂದು ಮುರಿಯುತ್ತದೆ.

ಎಂಜಿನ್ನಿನೊಳಗೂ ಇಂಥದೇ ಹೊಂದಾಣಿಕೆ. ಸಿಲಿಂಡರಿನಲ್ಲಿ ಪಿಸ್ಟನ್ನು ಏರಿಳಿಯುತ್ತಿದ್ದರೆ, ಅದರ ನೆತ್ತಿಯ ಮೇಲೆ ವಾಲ್ವುಗಳು ತೆರೆದು ಮುಚ್ಚುತ್ತಿರುತ್ತವೆ. ಪಿಸ್ಟನ್ನುಗಳಿಗೆ ಜೋಡಿಸಿದ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿದರೆ, ವಾಲ್ವುಗಳನ್ನು ಒತ್ತುವ ಕ್ಯಾಮ್ ಶಾಫ್ಟು ಒಂದೇ ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಹಿಂದಿನ ಎಂಜಿನ್ನುಗಳಲ್ಲಿ ಹಲ್ಲುಚಕ್ರವೋ ಸರಪಳಿಯೋ ಕಾಯುತ್ತಿತ್ತು. ಎರಡಕ್ಕೂ ಎಣ್ಣೆ ಬೇಕು, ಎರಡೂ ಸದ್ದು ಮಾಡುತ್ತವೆ.

ಇವುಗಳ ಜಾಗಕ್ಕೆ ಬಂದ ರಬ್ಬರ್ ಪಟ್ಟಿಯ ತವರು ಮೋಟಾರು ಕಾರ್ಖಾನೆಯಲ್ಲ, ಹೊಲಿಗೆಯಂತ್ರ! 1940ರ ದಶಕದಲ್ಲಿ ಅಮೆರಿಕದ ಗಿಲ್ಮರ್ ಕಂಪನಿಯ ಎಂಜಿನಿಯರ್ ರಿಚರ್ಡ್ ಕೇಸ್ ಒಳಮೈಯಲ್ಲಿ ಹಲ್ಲುಗಳಿರುವ ಬೆಲ್ಟನ್ನು ರೂಪಿಸಿದ್ದು ಸಿಂಗರ್ ಕಂಪನಿಯ ಹೊಲಿಗೆಯಂತ್ರಕ್ಕಾಗಿ. ನಮ್ಮ ಮನೆಗಳ ಯಂತ್ರದ ಚರ್ಮದ ಬೆಲ್ಟು ಜಾರಿದರೆ ಚಕ್ರ ನಿಧಾನವಾಗುತ್ತದೆ, ಅಷ್ಟೇ. ಸೂಜಿಗೂ ಕೊಕ್ಕೆಗೂ ಜೊತೆ ಕಟ್ಟುವ ಬೆಲ್ಟು ಮಾತ್ರ ಕೂದಲೆಳೆಯಷ್ಟೂ ಜಾರಬಾರದು. ಹಲ್ಲುಗಳು ಬಂದದ್ದು ಅದಕ್ಕೇ.

1954ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಡೆವಿನ್ ಈ ಬೆಲ್ಟನ್ನು ಒಂದು ಓಟದ ಕಾರಿಗೆ ಹಾಕಿದ. ಸಾಮಾನ್ಯರು ಕೊಳ್ಳುವ ಕಾರಿಗೆ ಅದನ್ನು ತಂದದ್ದು ಜರ್ಮನಿಯ ಬವೇರಿಯಾದಲ್ಲಿದ್ದ ಗ್ಲಾಸ್ ಎಂಬ ಸಣ್ಣ ಕಂಪನಿ. ಬೇಸಾಯದ ಯಂತ್ರ ಮಾಡುತ್ತಿದ್ದ ಈ ಮನೆತನ ಸ್ಕೂಟರಿಗೆ, ಆಮೇಲೆ ಪುಟ್ಟ ಕಾರುಗಳಿಗೆ ಕೈಹಾಕಿ, 1961ರಲ್ಲಿ ತನ್ನ 1004 ಕಾರನ್ನು ಜನರ ಮುಂದಿಟ್ಟಿತು. 1966ರಲ್ಲಿ ಗ್ಲಾಸ್ ಕಂಪನಿ ಬಿಎಂಡಬ್ಲ್ಯು ಪಾಲಾಯಿತು. ಅದೇ ಹೊತ್ತಿಗೆ ಅಮೆರಿಕದ ಪಾಂಟಿಯಾಕ್, ಇಟಲಿಯ ಫಿಯಟ್ ಕೂಡ ಬೆಲ್ಟಿಗೆ ಒಲಿದಿದ್ದವು. ಅಗ್ಗ, ಹಗುರ, ಸದ್ದಿಲ್ಲ, ಎಣ್ಣೆ ಬೇಡ: ಯಾರು ತಾನೇ ಬೇಡವೆಂದಾರು?

ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಸರಪಳಿಯವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಜೊತೆಗೆ ಹಲ್ಲಿನ ಬೆಲ್ಟೂ ಮಧ್ಯಮವರ್ಗದ ಮನೆಯಂಗಳಕ್ಕೆ ಬಂದು ನಿಂತಿತು.

ಆದರೆ ಈ ಮೌನಿಗೆ ಒಂದು ದುರ್ಗುಣವಿದೆ. ಸಡಿಲಾದ ಸರಪಳಿ ಗಲಗಲ ಎಂದು ದೂರು ಹೇಳುತ್ತದೆ. ಬೆಲ್ಟು ಬಹಳ ಸಲ ಏನೂ ಹೇಳದೆ ತುಂಡಾಗುತ್ತದೆ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಸಾಕಷ್ಟು ಜಾಗವಿರುವ ಎಂಜಿನ್ನಾದರೆ ಗಾಡಿ ನಿಲ್ಲುತ್ತದೆ, ಹೊಸ ಬೆಲ್ಟು ಹಾಕಿದರೆ ಮತ್ತೆ ಹೊರಡುತ್ತದೆ. ಆದರೆ ಹೆಚ್ಚು ಶಕ್ತಿ, ಹೆಚ್ಚು ಮೈಲೇಜು ಬೇಕೆಂದು ಆ ಜಾಗವನ್ನು ಕಿರಿದು ಮಾಡಿದ ಎಂಜಿನ್ನುಗಳೇ ಹೆಚ್ಚು. ಡೀಸೆಲ್ಲಿನವಂತೂ ಬಹುಪಾಲು ಹಾಗೆಯೇ. ಅಲ್ಲಿ ವಾಲ್ವೂ ಪಿಸ್ಟನ್ನೂ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುತ್ತವೆ. ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪಿಸ್ಟನ್ನು ಸೆಕೆಂಡಿಗೆ 50 ಸಲ ಮೇಲೇರಿ ಬರುತ್ತದೆ. ಬೆಲ್ಟು ಹರಿದಾಗ ತೆರೆದೇ ನಿಂತ ವಾಲ್ವುಗಳಿಗೆ ಬಂದು ಗುದ್ದುತ್ತದೆ. ಸೂಜಿ ಮುರಿದರೆ ಹೊಸ ಸೂಜಿ ತರಬಹುದು. ಇಲ್ಲಿ ವಾಲ್ವು ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ.

ನಮ್ಮ ಬಳಗದವರೊಬ್ಬರು ಕೊಂಡ ಹಳೆಯ ಡೀಸೆಲ್ ಕಾರು ಹೀಗೆಯೇ ದಾರಿಯಲ್ಲಿ ನಿಂತಿತು. ಅವರು ಕೀಲಿ ತಿರುಗಿಸಿ ತಿರುಗಿಸಿ ನೋಡಿದರಂತೆ. ಮೆಕ್ಯಾನಿಕ್ ಬಾಗಿದ ವಾಲ್ವುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, ‘ಹೀಗೆ ನಿಂತ ಗಾಡಿಯ ಕೀಲಿ ಮತ್ತೆ ತಿರುಗಿಸಬೇಡಿ, ಒಂದೊಂದು ತಿರುವಿಗೂ ಒಳಗೆ ಏಟು ಬೀಳುತ್ತೆ’ ಎಂದ. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲು ಆ ಮೇಜಿನ ಮೇಲೆಯೇ ಕರಗಿತು.

ಈಚಿನ ವರ್ಷಗಳಲ್ಲಿ ಅನೇಕ ಕಂಪನಿಗಳು ಮತ್ತೆ ಸರಪಳಿಗೆ ಮರಳಿವೆ. ಆದರೂ ಬೆಲ್ಟಿನ ಕಾರುಗಳು ರಸ್ತೆಯಲ್ಲಿ ಸಾಕಷ್ಟಿವೆ. ಬೆಲ್ಟಿನ ಆಯುಷ್ಯಕ್ಕೆ ಕಿಲೋಮೀಟರಿನ ಲೆಕ್ಕವೂ ಉಂಟು, ವರ್ಷದ ಲೆಕ್ಕವೂ ಉಂಟು. ಎರಡೂ ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತವೆ. ಓಡದೆ ಮನೆಯಲ್ಲೇ ನಿಂತ ಕಾರಿನ ರಬ್ಬರಿಗೂ ವಯಸ್ಸಾಗುತ್ತದೆ, ಎಣ್ಣೆ ಸೋರಿ ತಾಗಿದರೆ ಇನ್ನೂ ಬೇಗ. ಹಳೆಯ ಕಾರು ಕೊಳ್ಳುವಾಗ ಗಂಡಸರು ಬಣ್ಣ ನೋಡಲಿ, ಟೈರು ಒದ್ದು ನೋಡಲಿ. ‘ಬೆಲ್ಟು ಬದಲಾಯಿಸಿದ್ದು ಯಾವಾಗ, ರಸೀದಿ ಎಲ್ಲಿ?’ ಎಂಬ ಪ್ರಶ್ನೆಯನ್ನು ನೀವು ಕೇಳಿ. ಹೊಲಿಗೆಯಂತ್ರ ಬಲ್ಲವರಿಗೆ ಆ ಹಕ್ಕು ಹಳೆಯದು.