ಸಂವಿಧಾನದಲ್ಲಿ ಕಾಣದ ಉಪಪ್ರಧಾನಿ

ಉಪಪ್ರಧಾನಿಯ ಅಧಿಕಾರವೆಷ್ಟು ಎಂದು ತಿಳಿಯಲು ಹೊರಟವನು ಮೊದಲು ತೆರೆದದ್ದು ಸಂವಿಧಾನವನ್ನೇ. 74, 75ನೇ ವಿಧಿಗಳಲ್ಲಿ ಪ್ರಧಾನಿ ಇದ್ದಾರೆ, ಮಂತ್ರಿಮಂಡಲವಿದೆ, ಉಪಪ್ರಧಾನಿ ಇಲ್ಲ. ಪ್ರಮಾಣವಚನದ ಒಕ್ಕಣೆ ಇರುವ ಮೂರನೇ ಅನುಸೂಚಿಯಲ್ಲೂ ಆ ಹೆಸರಿಲ್ಲ. ಆದರೂ ಸರ್ದಾರ್ ಪಟೇಲರಿಂದ ಅಡ್ವಾಣಿಯವರ ತನಕ ಏಳು ಮಂದಿ ಆ ಪಟ್ಟದಲ್ಲಿದ್ದರು. 1979ರ ಜನವರಿಯಲ್ಲಂತೂ ಚರಣ್ ಸಿಂಗ್, ಜಗಜೀವನ್ ರಾಮ್ ಇಬ್ಬರೂ ಏಕಕಾಲಕ್ಕೆ!

ಹುಡುಕಾಟಕ್ಕೆ ಸುಳಿವು ಸಿಕ್ಕಿದ್ದು 1989ರ ಡಿಸೆಂಬರ್ 2ರ ಪ್ರಮಾಣವಚನದಲ್ಲಿ. ರಾಷ್ಟ್ರಪತಿ ಆರ್. ವೆಂಕಟರಾಮನ್ 'ಮಂತ್ರಿ' ಎಂದು ಹೇಳಿಕೊಟ್ಟರೆ, ದೇವಿಲಾಲ್ 'ಉಪಪ್ರಧಾನ ಮಂತ್ರಿ' ಎಂದೇ ಉಚ್ಚರಿಸಿದರು. ಹರಿಯಾಣದ ಹಿರಿಯರ ಹಟ! ಈ ಪ್ರಮಾಣ ಊರ್ಜಿತವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1990ರ ಜನವರಿಯ ತೀರ್ಪು ಚಿಕ್ಕದು, ಆದರೆ ನನಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ದೇವಿಲಾಲ್ ಉಳಿದ ಮಂತ್ರಿಗಳಂತೆಯೇ ಒಬ್ಬ ಮಂತ್ರಿ, ಪ್ರಧಾನಿಯ ಯಾವ ಅಧಿಕಾರವೂ ಅವರಿಗಿಲ್ಲ ಎಂದು ಅಟಾರ್ನಿ ಜನರಲ್ ಸೋಲಿ ಸೊರಾಬ್ಜಿ ಸರ್ಕಾರದ ಪರವಾಗಿ ಒಪ್ಪಿಕೊಂಡರು. ಪ್ರಮಾಣದ ತಿರುಳು ಸರಿಯಿದ್ದರೆ ಸಾಕು, ಪದವಿಯ ಹೆಸರು ಬರೀ ವರ್ಣನೆ ಎಂದು ಹೇಳಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಎಂಟು ತಿಂಗಳೊಳಗೆ ವಿ.ಪಿ. ಸಿಂಗ್ ಅದೇ ದೇವಿಲಾಲರನ್ನು ಸಂಪುಟದಿಂದ ಕೈಬಿಟ್ಟರು.

ಹಾಗಾದರೆ ಪಟೇಲರಿಗೆ ಅಷ್ಟು ತೂಕ ಬಂದದ್ದೆಲ್ಲಿಂದ? ಗೃಹ ಖಾತೆ, ಸಂಸ್ಥಾನಗಳ ಖಾತೆ, ಪಕ್ಷದ ಮೇಲಿನ ಹಿಡಿತ. ಇದನ್ನು ತಿರುವುಮುರುವಾಗಿ ತೋರಿಸುವುದು 1969ರ ಜುಲೈ. ಇಂದಿರಾ ಗಾಂಧಿ ಅಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆಯನ್ನಷ್ಟೇ ಕಿತ್ತುಕೊಂಡರು. ಉಪಪ್ರಧಾನಿ ಪಟ್ಟವನ್ನು ಮುಟ್ಟಲಿಲ್ಲ. ಖಾತೆಯಿಲ್ಲದ ಪಟ್ಟ ಎಂಥದ್ದೆಂದು ಮೊರಾರ್ಜಿಗೆ ಗೊತ್ತಿತ್ತು, ರಾಜೀನಾಮೆ ಕೊಟ್ಟು ಹೊರನಡೆದರು. ಕೆಲವೇ ದಿನಗಳಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು.

ಪ್ರಧಾನಿ ತೀರಿಕೊಂಡರೆ ಉಪಪ್ರಧಾನಿಯೇ ಮುಂದಿನವರು ಎಂಬ ನಂಬಿಕೆಗೂ ದಾಖಲೆಯ ಆಸರೆಯಿಲ್ಲ. 1964ರಲ್ಲಿ ನೆಹರೂ, 1966ರಲ್ಲಿ ಶಾಸ್ತ್ರಿ ತೀರಿಕೊಂಡಾಗ ಉಪಪ್ರಧಾನಿಯೇ ಇರಲಿಲ್ಲ. ಎರಡು ಸಲವೂ ಹಂಗಾಮಿಯಾಗಿ ಹೊಣೆ ಹೊತ್ತವರು ಗುಲ್ಜಾರಿಲಾಲ್ ನಂದಾ.

ನಮ್ಮ ರಾಜ್ಯದ ಲೆಕ್ಕವೂ ಬೇರೆಯಲ್ಲ. 2019ರಲ್ಲಿ ಯಡಿಯೂರಪ್ಪನವರ ಸಂಪುಟದಲ್ಲಿ ಮೂವರು ಉಪಮುಖ್ಯಮಂತ್ರಿಗಳಿದ್ದರು. ಜಾತಿ, ಪ್ರದೇಶಗಳ ತಕ್ಕಡಿ ಸರಿದೂಗಿಸುವುದಕ್ಕೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಈ ಹುದ್ದೆಯನ್ನೇ ಪ್ರಶ್ನಿಸಿದ ಅರ್ಜಿಯನ್ನು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು: ಉಪಮುಖ್ಯಮಂತ್ರಿ ಎಲ್ಲಕ್ಕಿಂತ ಮೊದಲು ಒಬ್ಬ ಮಂತ್ರಿ, ಆ ಹೆಸರಿನಿಂದ ಸಂವಿಧಾನಕ್ಕೆ ಭಂಗವೇನೂ ಇಲ್ಲ.