ಪಾಠ ಹೇಳಲು ಹೊರಟವರ ರಹದಾರಿ

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದರು. ದೇಶವನ್ನೂ ಸುತ್ತಬೇಕು, ಕೋಶವನ್ನೂ ಓದಬೇಕು, ಓದಿದ್ದನ್ನು ಪರದೇಶದ ಮಕ್ಕಳಿಗೆ ಕಲಿಸಲೂ ಬೇಕು ಎಂಬ ಹಂಬಲವುಳ್ಳವರು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿದ್ದಾರೆ. ಅವರಲ್ಲೊಬ್ಬಳು, ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ ಬಿ.ಎಡ್. ಮಾಡಿದವಳು, ಇತ್ತೀಚೆಗೆ ಕೇಳಿದಳು: "ಸಾರ್, ಯುರೋಪಿನಲ್ಲಿ ಇಂಗ್ಲಿಷ್ ಕಲಿಸುವುದಕ್ಕೆ ನನ್ನಂಥವಳಿಗೆ ಕೆಲಸದ ವೀಸಾ ದೊರೆಯುತ್ತದೆಯೇ? ಇಂಗ್ಲಿಷ್ ನಿನ್ನ ತಾಯ್ನುಡಿಯಲ್ಲ ಎಂದು ಬಾಗಿಲಿನಿಂದಲೇ ಕಳಿಸಿಬಿಡುತ್ತಾರೆಯೇ?"

ಹೌದು, ಇಲ್ಲ ಎಂಬ ಒಂದು ಮಾತಿನಲ್ಲಿ ಮುಗಿಯುವ ಪ್ರಶ್ನೆ ಇದಲ್ಲ. ಇದರ ಹಿಂದೆ ಒಂದು ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಪ್ರಶ್ನೆ ಕೈಗೆ ಸಿಕ್ಕಿದ ಮೇಲೆ ಮೇಷ್ಟರು ಪಾಠ ಮಾಡದೆ ಬಿಡುವುದುಂಟೆ? ಎಲ್ಲರಿಗೂ ಉಪಯೋಗವಾಗಲೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಪದದ ಅರ್ಥ ನೋಡೋಣ. 'ವೀಸಾ' ಎಂಬುದು ಲ್ಯಾಟಿನ್ ಮೂಲದ್ದು. ಫ್ರೆಂಚಿನ ಮೂಲಕ ಲೋಕದ ಭಾಷೆಗಳಿಗೆಲ್ಲ ಹರಡಿತು. 'ನೋಡಲ್ಪಟ್ಟ ಕಾಗದ' ಎಂಬುದು ಅದರ ಮೂಲಾರ್ಥ. ಅಧಿಕಾರಿಯೊಬ್ಬನು ಕಾಗದವನ್ನು ನೋಡಿದ್ದೇನೆಂದು ಗುರುತು ಹಾಕುವುದಷ್ಟೇ ಅದರ ಕೆಲಸವಾಗಿತ್ತು. ಕಾಗದ ಹಿಡಿದವನು ಯಾವ ಕೆಲಸ ಮಾಡಬಹುದು, ಎಷ್ಟು ದಿನ ಇರಬಹುದು ಎಂಬುದನ್ನೆಲ್ಲ ಆ ಗುರುತೇ ನಿರ್ಧರಿಸುವ ಸ್ಥಿತಿ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಶ್ಚಿಮ ಮತ್ತು ಮಧ್ಯ ಯುರೋಪಿನ ಬಹುಪಾಲು ದೇಶಗಳಲ್ಲಿ ರಹದಾರಿಯ ಕಟ್ಟುಪಾಡು ಸಡಿಲವಾಗಿತ್ತು. ರಷ್ಯಾ ಮತ್ತು ತುರ್ಕಿಯ ಸಾಮ್ರಾಜ್ಯಗಳು ಮಾತ್ರ ಅದನ್ನು ಬಿಗಿಯಾಗಿ ಕೇಳುತ್ತಿದ್ದವು. ಆಸ್ಟ್ರಿಯಾದ ಲೇಖಕ ಸ್ಟೀಫನ್ ಜ್ವೀಗ್, 1914ಕ್ಕೆ ಮೊದಲು ತಾನು ಪಾಸ್‌ಪೋರ್ಟನ್ನು ಕಣ್ಣಿನಿಂದಲೂ ಕಾಣದೆ ಭಾರತಕ್ಕೂ ಅಮೆರಿಕಕ್ಕೂ ಹೋಗಿಬಂದೆನೆಂದು ತನ್ನ ಆತ್ಮಕಥೆಯಲ್ಲಿ ಸ್ಮರಿಸಿದ್ದಾನೆ.

ಅದೇ ಕಾಲದಲ್ಲಿ ಭಾಷೆ ಕಲಿಸುವ ಕ್ರಮದಲ್ಲಿಯೂ ದೊಡ್ಡದೊಂದು ಬದಲಾವಣೆ ಆಯಿತು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಮ್ಯಾಕ್ಸಿಮಿಲಿಯನ್ ಬರ್ಲಿಟ್ಜ್ ಎಂಬುವರು 1878ರಲ್ಲಿ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಒಂದು ಭಾಷಾಶಾಲೆ ತೆರೆದರು. ವಿದ್ಯಾರ್ಥಿಯ ಮಾತೃಭಾಷೆಯನ್ನು ತರಗತಿಯೊಳಗೆ ಬಳಸಲೇಬಾರದು, ಕಲಿಯುವ ಭಾಷೆಯಲ್ಲಿಯೇ ಮಾತನಾಡಿ ಕಲಿಸಬೇಕು ಎಂಬುದು ಅಲ್ಲಿಯ ಪದ್ಧತಿ. ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಇಂಗ್ಲಿಷ್ ಕಲಿಸುತ್ತಿದ್ದ ನಮ್ಮ ಹಳ್ಳಿಯ ಶಾಲೆಗಳ ಭಾಷಾಂತರ ಪದ್ಧತಿಗೆ ಇದು ನೇರ ವಿರುದ್ಧ. ಈ ಪದ್ಧತಿಯಿಂದ ಒಂದು ಪರಿಣಾಮವಾಯಿತು. ಊರಿನ ಭಾಷೆ ಬಾರದ ಪರದೇಶಿಯೂ ಅಧ್ಯಾಪಕನಾಗಬಹುದಾಯಿತು. ಅಷ್ಟೇ ಅಲ್ಲ, ಹುಟ್ಟಿನಿಂದ ಇಂಗ್ಲಿಷ್ ಆಡುವವನೇ ಬೇಕು ಎಂಬ ಬೇಡಿಕೆಯೂ ಹುಟ್ಟಿತು. ಬರ್ಲಿಟ್ಜ್ ಶಾಲೆಗಳು ಯುರೋಪಿನ ನಗರನಗರಗಳಲ್ಲಿ ತೆರೆದುಕೊಂಡವು.

ಈ ಬೇಡಿಕೆಯ ಬೆನ್ನು ಹತ್ತಿ ಹೊರಟವರಲ್ಲಿ ಐರ್ಲೆಂಡಿನ ಜೇಮ್ಸ್ ಜಾಯ್ಸ್ ಒಬ್ಬ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ಇಂಗ್ಲೆಂಡಿನ ಏಜೆನ್ಸಿಯೊಂದು ಶುಲ್ಕ ಪಡೆದು, ಜ್ಯೂರಿಕ್ ನಗರದ ಬರ್ಲಿಟ್ಜ್ ಶಾಲೆಯಲ್ಲಿ ಕೆಲಸವಿದೆಯೆಂದು ಭರವಸೆ ಕೊಟ್ಟಿತ್ತು. 1904ರ ಅಕ್ಟೋಬರಿನಲ್ಲಿ ಅವನು ನೋರಾ ಬಾರ್ನಕಲ್ ಜೊತೆಗೂಡಿ ಡಬ್ಲಿನ್ ಬಿಟ್ಟ. ಜ್ಯೂರಿಕ್ ತಲುಪಿದರೆ ಅಲ್ಲಿ ಕೆಲಸವೇ ಇಲ್ಲ! ಅಲ್ಲಿಂದ ಆಸ್ಟ್ರಿಯಾ-ಹಂಗರಿಯ ಬಂದರು ಟ್ರಿಯೆಸ್ಟಿಗೆ ಹೋದ. ಅಲ್ಲಿಯೂ ಸ್ಥಾನ ಖಾಲಿ ಇರಲಿಲ್ಲ. ಕೊನೆಗೆ ಪೋಲಾ ಎಂಬ ನೌಕಾನೆಲೆಯಲ್ಲಿ ನೌಕಾಧಿಕಾರಿಗಳಿಗೆ ಇಂಗ್ಲಿಷ್ ಹೇಳಿಕೊಡುವ ಕೆಲಸ ಸಿಕ್ಕಿತು. 1905ರ ಮಾರ್ಚಿನಲ್ಲಿ ಟ್ರಿಯೆಸ್ಟಿಗೆ ಬಂದು ನೆಲೆಸಿದ. ಅಲ್ಲಿ ಅವನ ಬಳಿ ಮನೆಪಾಠಕ್ಕೆ ಬಂದವರಲ್ಲಿ ಹಡಗಿನ ಬಣ್ಣ ತಯಾರಿಸುವ ಉದ್ಯಮದ ಎತ್ತೋರೆ ಷ್ಮಿಟ್ಸ್ ಒಬ್ಬರು. ಅವರೇ ಮುಂದೆ ಇತಾಲೋ ಸ್ವೇವೋ ಎಂಬ ಹೆಸರಿನಿಂದ ಇಟಲಿಯ ದೊಡ್ಡ ಕಾದಂಬರಿಕಾರರೆಂದು ಪ್ರಸಿದ್ಧರಾದರು. ಗುರುವೂ ಶಿಷ್ಯನೂ ಇಬ್ಬರೂ ಸಾಹಿತ್ಯಚರಿತ್ರೆಯಲ್ಲಿ ಉಳಿದ ಮನೆಪಾಠಗಳು ಲೋಕದಲ್ಲಿ ಎಷ್ಟಿವೆಯೋ!

ಜಾಯ್ಸನಿಗೆ ಎದುರಾದ ತೊಂದರೆಗಳನ್ನು ಗಮನಿಸಿ. ನಂಬಿಸಿ ಕೈಬಿಟ್ಟ ಏಜೆನ್ಸಿ, ಖಾಲಿ ಇಲ್ಲದ ಹುದ್ದೆ, ಬರಿದಾದ ಜೇಬು. ಇವೆಲ್ಲ ಇಂದಿಗೂ ಇವೆ. ಆದರೆ ಒಂದು ಊರಿನಲ್ಲಿ ಕೆಲಸವಿಲ್ಲವೆಂದಾಗ ರೈಲು ಹತ್ತಿ ಮತ್ತೊಂದು ದೇಶಕ್ಕೆ ಹೋಗಿ ಕೇಳುವುದು ಅವನಿಗೆ ಸಾಧ್ಯವಿತ್ತು. ಕೆಲಸದ ವೀಸಾ ಎಂಬ ಗೋಡೆ ಇನ್ನೂ ಎದ್ದಿರಲಿಲ್ಲ. ಹೀಗೆಯೇ ಕವಿ ವಿಲ್ಫ್ರೆಡ್ ಓವೆನ್ 1913ರಲ್ಲಿ ಫ್ರಾನ್ಸಿನ ಬೋರ್ಡೋ ನಗರಕ್ಕೆ ಹೋಗಿ ಬರ್ಲಿಟ್ಜ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ. ಸರ್ಕಾರಗಳೂ ಈ ಕೊಡುಕೊಳೆಗೆ ಬೆಂಬಲವಾಗಿದ್ದವು. ಬ್ರಿಟನ್ನಿನಿಂದ ತರುಣರನ್ನು ಭಾಷಾ ಸಹಾಯಕರಾಗಿ ಪರದೇಶದ ಶಾಲೆಗಳಿಗೆ ಕಳಿಸುವ ಪದ್ಧತಿ 1905ರಲ್ಲಿ ಆರಂಭವಾಯಿತು.

ಈ ಸುಲಭದ ಕಾಲ 1914ರಲ್ಲಿ ಮುಗಿಯಿತು. ಮಹಾಯುದ್ಧ ಆರಂಭವಾದೊಡನೆ, ನೆರೆಯ ದೇಶದಿಂದ ಬಂದ ಮೇಷ್ಟರು ಶತ್ರುದೇಶದ ಪ್ರಜೆಯಾದರು. ಐರ್ಲೆಂಡ್ ಆಗ ಬ್ರಿಟಿಷ್ ಆಳ್ವಿಕೆಯಲ್ಲಿದ್ದುದರಿಂದ ಜಾಯ್ಸ್ ಸಹೋದರರು ಬ್ರಿಟಿಷ್ ಪ್ರಜೆಗಳು. ಟ್ರಿಯೆಸ್ಟಿನಲ್ಲಿಯೇ ಇಂಗ್ಲಿಷ್ ಕಲಿಸುತ್ತಿದ್ದ ತಮ್ಮ ಸ್ಟಾನಿಸ್ಲಾಸನನ್ನು 1915ರ ಜನವರಿಯಲ್ಲಿ ಬಂಧನ ಶಿಬಿರಕ್ಕೆ ಕಳಿಸಲಾಯಿತು. ಅಣ್ಣ ಜೇಮ್ಸ್ ಅದೇ ವರ್ಷದ ಜೂನ್ ಕೊನೆಗೆ ತಟಸ್ಥ ದೇಶವಾದ ಸ್ವಿಟ್ಜರ್‌ಲೆಂಡಿಗೆ ಹೋಗಲು ಅನುಮತಿ ಪಡೆದ. ಅವರು ಕಲಿಸುತ್ತಿದ್ದ ಪಾಠ ಬದಲಾಗಿರಲಿಲ್ಲ, ಕಲಿಯುವವರೂ ಬದಲಾಗಿರಲಿಲ್ಲ. ಬದಲಾದದ್ದು ಕಾಗದದ ಬೆಲೆ.

ಯುದ್ಧ ಮುಗಿದ ಮೇಲೆ ಗೋಡೆ ಬೀಳಲಿಲ್ಲ. 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಪಾಸ್‌ಪೋರ್ಟ್ ಕುರಿತ ಸಮ್ಮೇಳನ ನಡೆಯಿತು. ಮುಂದೊಂದು ದಿನ ಪಾಸ್‌ಪೋರ್ಟನ್ನೇ ತೆಗೆದುಹಾಕಬೇಕೆಂಬ ಆಸೆ ಅಲ್ಲಿ ಸೇರಿದವರಿಗಿತ್ತು. ಆದರೆ ಅವರು ಮಾಡಿದ್ದು 32 ಪುಟಗಳ ಏಕರೂಪದ ಪುಸ್ತಿಕೆಯ ಶಿಫಾರಸು. ತಾತ್ಕಾಲಿಕವೆಂದು ತಂದದ್ದು ಶಾಶ್ವತವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಅದೇ 1920ರಲ್ಲಿ ನಮ್ಮ ದೇಶದಲ್ಲಿಯೂ ಒಳಬರುವವರಿಗೆ ಪಾಸ್‌ಪೋರ್ಟ್ ವಿಧಿಸುವ ಕಾಯಿದೆ ಬಂದಿತು. ನಿರುದ್ಯೋಗ ಹೆಚ್ಚಿದಂತೆ ಎರಡನೆಯ ಗೋಡೆಯೂ ಎದ್ದಿತು. ಫ್ರಾನ್ಸ್ 1932ರಲ್ಲಿ ತನ್ನ ಜನರ ಉದ್ಯೋಗವನ್ನು ರಕ್ಷಿಸಲು ಕಾನೂನು ಮಾಡಿ, ಪರದೇಶಿ ಕೆಲಸಗಾರರ ಸಂಖ್ಯೆಗೆ ಮಿತಿ ಹಾಕುವ ದಾರಿ ತೆರೆಯಿತು. ದೇಶದೊಳಗೆ ಬರಲು ಒಂದು ಅನುಮತಿ, ದುಡಿಯಲು ಇನ್ನೊಂದು ಅನುಮತಿ ಎಂಬ ಇಂದಿನ ವ್ಯವಸ್ಥೆಯ ಬೇರು ಆ ದಶಕಗಳಲ್ಲಿದೆ.

ಎರಡನೆಯ ಮಹಾಯುದ್ಧದ ತರುವಾಯ ಆರು ದೇಶಗಳು 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಹಾಕಿದವು. ಒಂದು ಸದಸ್ಯ ದೇಶದ ಕೆಲಸಗಾರ ಮತ್ತೊಂದು ಸದಸ್ಯ ದೇಶದಲ್ಲಿ ದುಡಿಯಬಹುದೆಂಬುದು ಅದರ ಆಧಾರಸ್ತಂಭಗಳಲ್ಲೊಂದು. 1973ರ ಜನವರಿ 1ರಂದು ಬ್ರಿಟನ್ ಮತ್ತು ಐರ್ಲೆಂಡ್ ಆ ಕೂಟವನ್ನು ಸೇರಿದುವು. ಇಂಗ್ಲಿಷ್ ಮೇಷ್ಟರಿಗೆ ಬಾಗಿಲು ಮತ್ತೆ ತೆರೆಯಿತು.

ಆದರೆ ಒಳಗೆ ಬಂದವರನ್ನು ಸರಿಸಮವಾಗಿ ಕೂರಿಸಿದರೇ? ಅದಕ್ಕೆ ಕೋರ್ಟಿನ ಕಟ್ಟೆ ಹತ್ತಬೇಕಾಯಿತು. ಡೆಬೋರಾ ಲಾರಿ-ಬ್ಲೂಮ್ ಎಂಬ ಬ್ರಿಟಿಷ್ ಮಹಿಳೆ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಮತ್ತು ಇಂಗ್ಲಿಷ್ ವಿಷಯಗಳಲ್ಲಿ ಅಧ್ಯಾಪಕ ಪರೀಕ್ಷೆ ಪಾಸು ಮಾಡಿದ್ದರು. ಶಾಲೆಯಲ್ಲಿ ತರಬೇತಿಗೆ ಸೇರಲು ಹೋದಾಗ, ಜರ್ಮನ್ ಪ್ರಜೆಯಲ್ಲವೆಂದು ಅವರಿಗೆ ಅವಕಾಶ ನಿರಾಕರಿಸಲಾಯಿತು; ಅಧ್ಯಾಪಕ ವೃತ್ತಿ ಸರ್ಕಾರಿ ಅಧಿಕಾರದ ಭಾಗವೆಂಬುದು ಎದುರಾಳಿಗಳ ವಾದ. 1986ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು: ಮತ್ತೊಬ್ಬರ ನಿರ್ದೇಶನದಲ್ಲಿ, ನಿಗದಿತ ಕಾಲ, ಸಂಬಳಕ್ಕಾಗಿ ಸೇವೆ ಸಲ್ಲಿಸುವವನೇ ಕೆಲಸಗಾರ, ತರಬೇತಿಯಲ್ಲಿರುವ ಮೇಷ್ಟರೂ ಕೆಲಸಗಾರನೇ, ಪ್ರಜೆಯಲ್ಲವೆಂಬ ಕಾರಣಕ್ಕೆ ಅವನನ್ನು ಹೊರಗಿಡುವಂತಿಲ್ಲ. ಇಂದಿಗೂ ಯುರೋಪಿನಲ್ಲಿ 'ಕೆಲಸಗಾರ' ಯಾರೆಂದು ವಿವರಿಸುವಾಗ ವಕೀಲರು ಎತ್ತಿ ಹೇಳುವುದು ಈ ಶಿಕ್ಷಕಿಯ ಮೊಕದ್ದಮೆಯನ್ನು.

ಇಟಲಿಯ ಕಥೆ ಇನ್ನೂ ದೀರ್ಘ. 1980ರ ಶಾಸನವೊಂದು ಅಲ್ಲಿಯ ವಿಶ್ವವಿದ್ಯಾಲಯಗಳ ಪರದೇಶಿ ಭಾಷಾ ಬೋಧಕರಿಗೆ ಒಂದು ವರ್ಷದ ಒಪ್ಪಂದ ಕೊಟ್ಟು, ನವೀಕರಣಕ್ಕೂ ಐದು ವರ್ಷದ ಮಿತಿ ಹಾಕಿತ್ತು. ವೆನಿಸ್ಸಿನ ಇಬ್ಬರು ಬೋಧಕಿಯರು ಹೂಡಿದ ದಾವೆಯಲ್ಲಿ 1989ರಲ್ಲಿ ಇದು ಭೇದಭಾವವೆಂದು ತೀರ್ಮಾನವಾಯಿತು. ಆದರೂ ವೇತನದ ಮತ್ತು ಸೇವಾವಧಿಯ ಜಗಳ ನಿಲ್ಲಲಿಲ್ಲ. 2001ರಲ್ಲಿ ಇಟಲಿಯ ವಿರುದ್ಧ ಮತ್ತೊಂದು ತೀರ್ಪು ಬಂದಿತು. ಅದನ್ನು ಸಕಾಲದಲ್ಲಿ ಪಾಲಿಸಲಿಲ್ಲವೆಂದು 2006ರಲ್ಲಿ ಇನ್ನೊಂದು. 2023ರಲ್ಲಿ ಯುರೋಪಿಯನ್ ಆಯೋಗ ಇಟಲಿಯನ್ನು ಪುನಃ ಅದೇ ನ್ಯಾಯಾಲಯಕ್ಕೆ ಎಳೆಯಿತು. ಸೇವೆ ಖಾಯಂ ಆಗಲೆಂದು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದ ನಮ್ಮ ನಾಡಿನ ಶಿಕ್ಷಕರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1989ರಲ್ಲಿ ಪೂರ್ವ ಯುರೋಪಿನ ಸರ್ಕಾರಗಳು ಉರುಳಿದವು. ಚೆಕೊಸ್ಲೊವಾಕಿಯಾ, ಹಂಗರಿ, ಪೋಲೆಂಡುಗಳ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿ ಉಳಿಯಲಿಲ್ಲ. ಎಲ್ಲರಿಗೂ ಇಂಗ್ಲಿಷ್ ಬೇಕಾಯಿತು, ಕಲಿಸುವವರಿರಲಿಲ್ಲ. 1990ರಲ್ಲಿ ಅಮೆರಿಕದ ಪೀಸ್ ಕೋರ್ ಸಂಸ್ಥೆ ತನ್ನ ಸ್ವಯಂಸೇವಕರನ್ನು ಹಂಗರಿ ಮತ್ತು ಪೋಲೆಂಡಿಗೆ ಕಳಿಸಿತು. ಪ್ರಾಗ್ ನಗರಕ್ಕೆ ಅಮೆರಿಕದ ತರುಣರು ತಾವಾಗಿಯೇ ಬಂದು ತುಂಬಿಕೊಂಡರು. ಎಷ್ಟೋ ಜನ ವಾಸ್ತವ್ಯದ ಅವಧಿ ಮುಗಿಯುವ ಮುನ್ನ ಗಡಿ ದಾಟಿ, ಅಂದೇ ಹಿಂದಿರುಗಿ, ಹೊಸ ಮೊಹರು ಹಾಕಿಸಿಕೊಳ್ಳುತ್ತಿದ್ದರು. ಶೆಂಗೆನ್ ಒಪ್ಪಂದದ ವಲಯಕ್ಕೆ ಆ ದೇಶಗಳು 2007ರ ಡಿಸೆಂಬರಿನಲ್ಲಿ ಸೇರಿದಾಗ ಆ ಉಪಾಯ ನಡೆಯದಾಯಿತು. ಪ್ರವಾಸಿಯಾಗಿ ಬಂದವರು ಇಡೀ ವಲಯದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಪಕ್ಕದ ದೇಶಕ್ಕೆ ಹೋಗಿಬಂದರೆ ಎಣಿಕೆ ಮತ್ತೆ ಒಂದರಿಂದ ಆರಂಭವಾಗುವುದಿಲ್ಲ.

ಇದರೊಡನೆ ಇನ್ನೊಂದು ತಡೆಯೂ ಇತ್ತು. ಹುದ್ದೆಗೆ ಯೋಗ್ಯ ಯುರೋಪಿಯನ್ ಪ್ರಜೆ ದೊರೆಯದಿದ್ದರೆ ಮಾತ್ರ ಹೊರಗಿನವರಿಗೆ ಅವಕಾಶ ಎಂಬ ತತ್ವವನ್ನು ಸದಸ್ಯ ದೇಶಗಳು 1994ರ ನಿರ್ಣಯದಲ್ಲಿ ದೃಢಪಡಿಸಿದ್ದವು. ಬ್ರಿಟನ್ನಿನ ಅಧ್ಯಾಪಕರು ಬೇಕಾದಷ್ಟು ಇರುವಾಗ ಅಮೆರಿಕದವರೋ ಭಾರತದವರೋ ಏಕೆ ಬೇಕು ಎಂದು ಕೇಳಿದರೆ ಶಾಲೆಯವರು ಏನು ಹೇಳಿಯಾರು?

ಕಾಲಚಕ್ರ ಮತ್ತೆ ತಿರುಗಿತು. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ತ್ಯಜಿಸಿತು. ಅದೇ ವರ್ಷದ ಡಿಸೆಂಬರ್ 31ಕ್ಕೆ ಸಂಕ್ರಮಣ ಕಾಲ ಮುಗಿಯಿತು. ಮರುದಿನದಿಂದ ಹೊಸದಾಗಿ ಹೋಗುವ ಬ್ರಿಟಿಷ್ ಮೇಷ್ಟರು ನಮ್ಮ ಹಾಗೆಯೇ ವೀಸಾ ಕೇಳುವ ಸಾಲಿನಲ್ಲಿ ನಿಲ್ಲಬೇಕಾಯಿತು. ಶೇಕ್ಸ್‌ಪಿಯರನ ಊರಿನವರಾದರೂ ಕಾಗದವಿಲ್ಲದೆ ಕೆಲಸವಿಲ್ಲ.

ಇನ್ನು ನಮ್ಮವರ ವಿಷಯ. ಪರದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದೂ, ಸರ್ಕಾರ ತನಗೆ ತೋಚಿದಂತೆ ಪಾಸ್‌ಪೋರ್ಟ್ ನಿರಾಕರಿಸುವಂತಿಲ್ಲವೆಂದೂ ನಮ್ಮ ಸುಪ್ರೀಂ ಕೋರ್ಟ್ 1967ರಲ್ಲಿ ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಇಂಗ್ಲಿಷ್ ಕಲಿಸುವ ವಿದ್ಯೆಯಲ್ಲಿಯೂ ನಾವು ನಿನ್ನೆ ಮೊನ್ನೆಯವರಲ್ಲ. ಹೈದರಾಬಾದಿನಲ್ಲಿ 1958ರಲ್ಲಿ, ಬೆಂಗಳೂರಿನಲ್ಲಿ 1963ರಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಗೆಂದೇ ಸಂಸ್ಥೆಗಳು ಸ್ಥಾಪನೆಯಾದವು. ವ್ಯಾಕರಣವನ್ನು ಬೆವರು ಸುರಿಸಿ ಕಲಿತವನಿಗೆ, ಕಲಿಯುವವನು ಎಲ್ಲಿ ಎಡವುತ್ತಾನೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಇದು ನನ್ನ ವೃತ್ತಿಜೀವನದ ಅನುಭವದ ಮಾತು.

ತಾಯ್ನುಡಿಯ ಪ್ರಶ್ನೆಗೆ ಬರೋಣ. ಹುದ್ದೆಗೆ ಉನ್ನತ ಮಟ್ಟದ ಭಾಷಾಜ್ಞಾನವನ್ನು ಕೇಳಬಹುದು, ಅದು ಮಾತೃಭಾಷೆಯೇ ಆಗಿರಬೇಕೆಂದು ಕೇಳುವುದು ಒಪ್ಪತಕ್ಕದ್ದಲ್ಲ ಎಂದು ಯುರೋಪಿಯನ್ ಆಯೋಗ 2002ರಲ್ಲಿಯೇ ಹೇಳಿದೆ. ಆ ಮಾತು ಹೊರಟದ್ದು ಒಕ್ಕೂಟದ ಪ್ರಜೆಗಳ ರಕ್ಷಣೆಗಾಗಿ. ವೀಸಾ ಕೇಳುವ ಭಾರತೀಯನಿಗೆ ಅದು ನೇರವಾದ ಹಕ್ಕನ್ನು ಕೊಡುವುದಿಲ್ಲ. ಆದರೂ ನ್ಯಾಯ ಎಲ್ಲಿದೆಯೆಂಬುದನ್ನು ತೋರಿಸುತ್ತದೆ. ಫ್ರಾನ್ಸಂತೂ ತನ್ನ ಭಾಷಾ ಸಹಾಯಕರ ಯೋಜನೆಯಲ್ಲಿ, ಫ್ರೆಂಚ್ ಬಲ್ಲ ಭಾರತದ ತರುಣ ತರುಣಿಯರನ್ನೂ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಕರೆಸಿಕೊಂಡಿದೆ.

ಹೊರಡುವವರಿಗೆ ಮೂರು ಕಿವಿಮಾತು. ಶೆಂಗೆನ್ ವಲಯಕ್ಕೆ ಸಮಾನವಾದದ್ದು ಅಲ್ಪಾವಧಿಯ ವೀಸಾ ಮಾತ್ರ. ಮೂರು ತಿಂಗಳಿಗೆ ಮೀರಿದ ವಾಸ್ತವ್ಯ ಮತ್ತು ಉದ್ಯೋಗದ ಅನುಮತಿ ಆಯಾ ದೇಶದ ಕೈಯಲ್ಲಿದೆ, ನಿಯಮಗಳೂ ಬೇರೆ ಬೇರೆ. ಸಾಮಾನ್ಯವಾಗಿ ಮೊದಲು ಶಾಲೆಯೊಡನೆ ಲಿಖಿತ ಒಪ್ಪಂದ, ಆಮೇಲೆ ಅನುಮತಿ, ಕೊನೆಗೆ ವೀಸಾ. ಈ ಕ್ರಮವನ್ನು ತಲೆಕೆಳಗು ಮಾಡಿ, ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸ ಹುಡುಕಿರೆಂದು ಹೇಳುವ ಏಜೆಂಟರನ್ನು ನಂಬಬೇಡಿ. ಪದವಿ ಪತ್ರಗಳ ದೃಢೀಕರಣ, ಪೊಲೀಸ್ ಪ್ರಮಾಣಪತ್ರ, ಆರೋಗ್ಯ ವಿಮೆ ಇವುಗಳಿಗೆ ಸಮಯ ಹಿಡಿಯುತ್ತದೆ, ಬೇಗ ಆರಂಭಿಸಿ.

ಜಾಯ್ಸ್ ಪಾಠ ಹೇಳಿದ ಪೋಲಾ ಇಂದು ಕ್ರೊಯೇಷಿಯಾದ ಪೂಲಾ. ಟ್ರಿಯೆಸ್ಟ್ ಇಟಲಿಗೆ ಸೇರಿದೆ. ಆ ಊರುಗಳಿಗೆ ಅವನು ಹೋದದ್ದು ಬ್ರಿಟಿಷ್ ಪ್ರಜೆಯಾಗಿ. ಇಂದು ಡಬ್ಲಿನ್ನಿನಿಂದ ಐರಿಷ್ ಪಾಸ್‌ಪೋರ್ಟ್ ಹಿಡಿದು ಹೊರಟ ಮೇಷ್ಟರು ವೀಸಾ ಇಲ್ಲದೆಯೇ ಎರಡೂ ಕಡೆ ಕಲಿಸಬಹುದು. ಲಂಡನ್ನಿನಿಂದ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಹೊರಟವರು ಅನುಮತಿ ಪಡೆಯಬೇಕು. ಒಂದು ಶತಮಾನದೊಳಗೆ ಬಾಗಿಲುಗಳು ಇಷ್ಟು ಸಲ ತೆರೆದು ಮುಚ್ಚಿರುವಾಗ, ಇಂದು ಮುಚ್ಚಿರುವ ಬಾಗಿಲು ಎಂದೆಂದಿಗೂ ಮುಚ್ಚಿಯೇ ಇರುವುದೆಂದು ಭಾವಿಸಲು ಕಾರಣವಿಲ್ಲ. ಅದು ತೆರೆಯುವ ಹೊತ್ತಿಗೆ ನಿಮ್ಮ ವಿದ್ಯೆ ಸಿದ್ಧವಾಗಿರಲಿ, ಕಾಗದಗಳೂ ಸಿದ್ಧವಾಗಿರಲಿ. ಎಲ್ಲರಿಗೂ ಶುಭವಾಗಲಿ.